ಗೆಳೆಯನಿಗೊಂದು ಪತ್ರ: ಲಾಗೂ ಅವರ ಹದಿನೆಂಟು ವರ್ಷಗಳು

ಪುಣೆ

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ಬ್ಯಾಂಕಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಪೂರ್ತಿಯಾಗಿ ರಂಗಭೂಮಿಗೆ ಇಳಿಯುವ ವಿಚಾರ ಬರೆದಿದ್ದೀಯ. ನಲವತ್ತು ದಾಟಿದ ಮೇಲೆ ವೈದ್ಯವೃತ್ತಿ ಬಿಟ್ಟು ಮರಾಠಿ ರಂಗಭೂಮಿಯ ನಟರಾದ ಡಾ. ಶ್ರೀರಾಮ ಲಾಗೂ ಅವರನ್ನು ಅದಕ್ಕೆ ಆಧಾರವಾಗಿ ತೋರಿಸಿದ್ದೀಯ. ಅವರು ಬಾಳಿದ ಊರಿನಲ್ಲೇ ಇಷ್ಟು ಕಾಲ ಕಳೆದಿರುವ ನನಗೆ, ಆ ತಿರುವಿನ ಕಥೆಯನ್ನು ಜನ ಹೇಳುವ ರೀತಿ ಎಂದೂ ಒಪ್ಪಿಗೆಯಾಗಿಲ್ಲ. ಇಂದು ಶಸ್ತ್ರಕ್ರಿಯೆಯ ಚಾಕು ಕೆಳಗಿಟ್ಟು ನಾಳೆ ಬಣ್ಣ ಹಚ್ಚಿದರು ಎಂಬಂತೆ ಅದು ಬಾಯಿಂದ ಬಾಯಿಗೆ ಸಾಗುತ್ತದೆ. ನಡೆದದ್ದು ಹಾಗಲ್ಲ.

1927ರಲ್ಲಿ ಸಾತಾರಾದಲ್ಲಿ ಹುಟ್ಟಿದ ಲಾಗೂ ಪುಣೆಯ ಬಿ. ಜೆ. ವೈದ್ಯಕೀಯ ಕಾಲೇಜಿನಲ್ಲಿ ಓದುವಾಗಲೇ ನಾಟಕಕ್ಕೆ ಅಂಟಿಕೊಂಡವರು. 1951ರಲ್ಲಿ ಭಾಲಬಾ ಕೇಳಕರ ಮೊದಲಾದವರೊಂದಿಗೆ ಸೇರಿ ಪ್ರೋಗ್ರೆಸಿವ್ ಡ್ರಾಮ್ಯಾಟಿಕ್ ಅಸೋಸಿಯೇಷನ್ ಎಂಬ ನಾಟಕ ತಂಡ ಕಟ್ಟಿದರು. ಇಲ್ಲಿಯವರ ಬಾಯಲ್ಲಿ ಅದು ಇಂದಿಗೂ ಪಿಡಿಎ. ಕಿವಿ, ಮೂಗು, ಗಂಟಲಿನ ವೈದ್ಯರಾಗಿ ದವಾಖಾನೆ ನಡೆಸುತ್ತ, ಹೆಚ್ಚಿನ ತರಬೇತಿಗೆಂದು ಕೆನಡಾ, ಇಂಗ್ಲೆಂಡಿಗೆ ಹೋಗಿ ಬಂದು, ಕೆಲಕಾಲ ಟಾಂಜಾನಿಯಾದಲ್ಲಿಯೂ ವೃತ್ತಿ ಮಾಡಿ, ಪುಣೆಯ ಪಿಡಿಎ ಮತ್ತು ಮುಂಬೈಯ ರಂಗಾಯನ ತಂಡದ ಮೂಲಕ ನಾಟಕದ ನಂಟನ್ನು ಅವರು ಉಳಿಸಿಕೊಂಡೇ ಇದ್ದರು. 1969ರಲ್ಲಿ ವಸಂತ ಕಾನೇಟಕರರ ‘ಇಥೇ ಓಶಾಳಲಾ ಮೃತ್ಯು’ ನಾಟಕದೊಂದಿಗೆ ಪೂರ್ಣಾವಧಿಯ ನಟರಾದಾಗ, ಅವರ ಬೆನ್ನಿಗೆ ಹದಿನೆಂಟು ವರ್ಷಗಳ ಹವ್ಯಾಸಿ ರಂಗಭೂಮಿಯಿತ್ತು.

ಮರುವರ್ಷ ಅವರು ಮಾಡಿದ ಕೆಲಸವನ್ನು ನೋಡು. ವಿಜಯ ತೆಂಡೂಲ್ಕರರ ‘ಗಿಧಾಡೆ’ ಬರೆದು ಹಲವು ವರ್ಷವಾದರೂ ರಂಗಕ್ಕೆ ಬಾರದೆ ಉಳಿದಿದ್ದ ನಾಟಕ. ಒಂದೇ ಮನೆಯವರು ಒಬ್ಬರನ್ನೊಬ್ಬರು ಹದ್ದುಗಳಂತೆ ಹರಿದು ತಿನ್ನುವ ಅದರ ಕ್ರೌರ್ಯವನ್ನು ಮುಟ್ಟಲು ಯಾರಿಗೂ ಧೈರ್ಯವಿರಲಿಲ್ಲ. ಆಗಷ್ಟೇ ನಿಶ್ಚಿತ ಸಂಪಾದನೆ ಬಿಟ್ಟುಬಂದ ಮನುಷ್ಯ 1970ರಲ್ಲಿ ಅದನ್ನೇ ಎತ್ತಿಕೊಂಡು ನಿರ್ದೇಶಿಸಿದರು. ಹೆಣ್ಣಿನ ಸೀರೆಯ ಮೇಲೆ ಕಾಣುವ ಕೆಂಪು ಕಲೆಗೆ ಸೆನ್ಸಾರಿನವರು ಅಡ್ಡಿ ಮಾಡಿದಾಗ ಕಲೆಯನ್ನು ನೀಲಿ ಮಾಡಿ, ಆ ನೀಲಿಯನ್ನು ಕೆಂಪೆಂದೇ ತಿಳಿಯಬೇಕೆಂದು ಪ್ರೇಕ್ಷಕರಿಗೆ ಮೊದಲೇ ಹೇಳಿ ಪ್ರಯೋಗ ನಡೆಸಿದರು. ನನ್ನ ಮಟ್ಟಿಗೆ ಅವರು ವೃತ್ತಿ ಬಿಟ್ಟದ್ದಕ್ಕಿಂತ ದೊಡ್ಡ ಸಾಹಸ ಇದು.

ಅದೇ ವರ್ಷದ ಕೊನೆಗೆ ಕುಸುಮಾಗ್ರಜರ ‘ನಟಸಮ್ರಾಟ್’ ಬಂತು. ಆಸ್ತಿಯನ್ನೆಲ್ಲ ಮಕ್ಕಳಿಗೆ ಹಂಚಿ ನೆಲೆ ಕಳೆದುಕೊಳ್ಳುವ ಮುದಿ ನಟ ಗಣಪತರಾವ ಬೇಲವಲಕರರಾಗಿ ಲಾಗೂ ಮಾಡಿದ ಪಾತ್ರ ನಿನಗೆ ಗೊತ್ತೇ ಇದೆ. ಆಗಿನ ಪ್ರಯೋಗಗಳನ್ನು ಕಂಡಿರುವ ನಮ್ಮ ಎದುರುಮನೆಯ ಅಜ್ಜ, ಬೇಲವಲಕರರು ಹೆಂಡತಿ ಕಾವೇರಿಯೊಡನೆ ಪಿಸುದನಿಯಲ್ಲಿ ಆಡುವ ಮಾತು ಕೊನೆಯ ಸಾಲಿನವರೆಗೆ ಬಿಡಿಬಿಡಿಯಾಗಿ ತಲುಪುತ್ತಿತ್ತು ಎಂದು, ತಾವೂ ದನಿ ತಗ್ಗಿಸಿ, ಬೆರಳಿನಿಂದ ತಮ್ಮ ಗಂಟಲನ್ನು ಮುಟ್ಟಿ ತೋರಿಸುತ್ತಾರೆ. ಆ ಪಾತ್ರ ಕೊಟ್ಟ ಕೀರ್ತಿ ಎಷ್ಟೋ, ಅದು ಕೇಳಿದ ಬೆಲೆಯೂ ಅಷ್ಟೇ: ಹೃದಯದ ತೊಂದರೆ ಕಾಣಿಸಿಕೊಂಡು ಲಾಗೂ ಅದನ್ನು ಬಿಡಬೇಕಾಯಿತು, ದತ್ತಾ ಭಟ್ ಮೊದಲಾದವರು ಮುಂದುವರಿಸಿದರು.

ಹಿಂದಿ ಚಿತ್ರಗಳ ವಿಷಯ ಹೆಚ್ಚು ಬರೆಯುವುದಿಲ್ಲ. ‘ಘರೌಂದಾ’ಕ್ಕೆ ಫಿಲ್ಮ್‌ಫೇರ್ ಬಂತು, ಅಟೆನ್‌ಬರೋ ಅವರ ‘ಗಾಂಧಿ’ಯಲ್ಲಿ ಗೋಖಲೆಯಾದರು, ಉಳಿದ ಬಹುತೇಕ ಕಡೆ ತಂದೆ, ನ್ಯಾಯಾಧೀಶ, ಡಾಕ್ಟರು ಎಂದು ಅವರನ್ನು ಸವೆಸಿದರು. ನೀನು ನೋಡಬೇಕಾದದ್ದು ಜಬ್ಬಾರ ಪಟೇಲರ ‘ಸಾಮನಾ’. 1975ರ ಚಿತ್ರ, ತೆಂಡೂಲ್ಕರರ ಚಿತ್ರಕಥೆ. ಕುಡಿತಕ್ಕೆ ಬಿದ್ದ ಹಳೆಯ ಗಾಂಧಿವಾದಿ ಮಾಸ್ತರನೊಬ್ಬ, ಊರನ್ನೇ ಮುಷ್ಟಿಯಲ್ಲಿಟ್ಟುಕೊಂಡ ಸಕ್ಕರೆ ಕಾರ್ಖಾನೆಯ ಧಣಿಯ ಮುಂದೆ, ಮಾರುತಿ ಕಾಂಬಳೆ ಏನಾದ ಎಂದು ಕೇಳುತ್ತಲೇ ಇರುತ್ತಾನೆ. ನೀಳೂ ಫುಲೆಯವರಂಥ ನಟ ಎದುರಿಗಿದ್ದರೂ, ಲಾಗೂ ಮಾಡಿದ, ತಡವರಿಸುವ ಆ ದುರ್ಬಲ ಮಾಸ್ತರನ ಮೇಲಿಂದ ಕಣ್ಣು ಕೀಳಲಾಗುವುದಿಲ್ಲ. ಚಿತ್ರದ ಹೊರಗೂ ಅವರು ಕೇಳುವುದನ್ನು ಬಿಡಲಿಲ್ಲ. ದೇವರಿಗೇ ನಿವೃತ್ತಿ ಕೊಡಬೇಕೆಂದು ಬರೆದು ಟೀಕೆಗೆ ಗುರಿಯಾದರು, ನರೇಂದ್ರ ದಾಭೋಳಕರರ ಮೂಢನಂಬಿಕೆ ವಿರೋಧಿ ಚಳವಳಿಯ ಜೊತೆ ನಿಂತರು. 2019ರ ಜೂನಿನಲ್ಲಿ ನಮ್ಮ ಕಾರ್ನಾಡರು ಹೋದರು, ಡಿಸೆಂಬರ್ 17ರಂದು ಇಲ್ಲಿ ಲಾಗೂ. ಕನ್ನಡ, ಮರಾಠಿ ಎರಡೂ ರಂಗಭೂಮಿಗಳನ್ನು ನೋಡುತ್ತ ಬೆಳೆದ ನಮ್ಮಂಥವರಿಗೆ ಆ ವರ್ಷ ಬಹಳ ಭಾರವಾಗಿತ್ತು.

ನೌಕರಿ ಬಿಡಬೇಡವೆಂದು ನಾನು ಹೇಳುತ್ತಿಲ್ಲ. ನಿಮ್ಮ ತಂಡದೊಂದಿಗೆ ನೀನು ಧಾರವಾಡದಲ್ಲಿ ಕಳೆದ ಸಂಜೆಗಳೆಲ್ಲ ಲೆಕ್ಕಕ್ಕೆ ಬರುತ್ತವೆ, ಅವನ್ನು ಹಗುರವಾಗಿ ಕಾಣಬೇಡ. ಆದರೆ ಯಾವ ನಾಟಕಕ್ಕಾಗಿ ಬಿಡುತ್ತಿದ್ದೀಯ ಎಂಬುದು ಮಾತ್ರ ನಿನ್ನ ಪತ್ರದಲ್ಲಿ ಎಲ್ಲಿಯೂ ಇಲ್ಲ. ಮುಂದಿನ ಪತ್ರದಲ್ಲಿ ಅದನ್ನೇ ಮೊದಲು ಬರೆ. ದಸರೆಗೆ ಬಂದರೆ ‘ಸಾಮನಾ’ ಒಟ್ಟಿಗೆ ನೋಡೋಣ. ವೈನಿಯವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳೆಯ