ಮೊದಲು ಡೀಲರ್ ಕೆಲಸಕ್ಕೆ ಸೇರು, ಮಗಳೇ

ದಾವಣಗೆರೆ

ಪ್ರೀತಿಯ ಪುಟ್ಟಿ,

ನಿನ್ನ ಆಫರ್ ಲೆಟರ್ ಓದಿದೆ. ಬ್ರೋಕಿಂಗ್ ಕಂಪನಿಯಲ್ಲಿ ಕ್ಲೈಂಟ್‌ಗಳ ಷೇರು ಆರ್ಡರ್ ಹಾಕೋ ಟ್ರೈನಿ ಡೀಲರ್ ಅಂದರೆ ನನಗೂ ನಿಮ್ಮಪ್ಪನಿಗೂ ಹೆಮ್ಮೆ. ನಿನಗೆ ಮಾತ್ರ ಸಂಬಳ ಕಮ್ಮಿ ಅನ್ನಿಸಿದೆ. ಕ್ಲಾಸಿನವರು ಮನೆಯಲ್ಲೇ ಕೂತು ಆಪ್ಷನ್ಸ್, ಅಂದರೆ ಮುಂದಿನ ದಿನಕ್ಕೆ ನಿಗದಿ ರೇಟಲ್ಲಿ ಕೊಳ್ಳೋ ಇಲ್ಲ ಮಾರೋ ಹಕ್ಕಿನ ವ್ಯಾಪಾರ ಮಾಡುತ್ತಾರೆ, ನಾನೂ ಮಾಡುತ್ತೇನೆ, ಎರಡು ಲಕ್ಷ ಕೊಡಿ ಅಂದೆ. ಬೇಡ ಕಣೇ. ಕೆಲಸಕ್ಕೆ ಸೇರು.

ಷೇರು ಪೇಟೆ ನೋಡಿಕೊಳ್ಳೋ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಲೆಕ್ಕ ನೋಡು. ಅದಕ್ಕೂ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ (ಮುಂದಿನ ದಿನದ ವ್ಯಾಪಾರಕ್ಕೆ ಈಗಲೇ ರೇಟು ಕಟ್ಟೋ ಒಪ್ಪಂದ), ಆಪ್ಷನ್ಸ್ ಮಾಡಿದ ಸಾಮಾನ್ಯ ಜನರಲ್ಲಿ 93% ಮಂದಿ ಕಳೆದುಕೊಂಡಿದ್ದಾರೆ. ತಲಾ ಸುಮಾರು 2 ಲಕ್ಷ. ನೀನು ಕೇಳಿದ್ದೂ ಅಷ್ಟೇ. ಲಾಭ ಮಾಡಿದವರಲ್ಲಿ ಸ್ವಂತ ಬಂಡವಾಳದಲ್ಲಿ ಟ್ರೇಡ್ ಮಾಡುವ ದೊಡ್ಡ ಕಂಪನಿಗಳೇ ಮುಂದೆ. ಅವರ ಡೆಸ್ಕಿನಲ್ಲಿ ಕೂರಬೇಕು ಅನ್ನೋದು ನಿನ್ನ ಆಸೆ ಅಲ್ವಾ? ಅಲ್ಲಿಗೆ ಹೋಗೋಕೆ ಡೀಲರ್ ಕೆಲಸವೂ ಒಂದು ದಾರಿ.

ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಸುಗ್ಗಿ ನೀನೇ ನೋಡಿದ್ದೀಯ. ಖರೀದಿದಾರರು ರಾಶಿಯೊಳಗೆ ಮೊಣಕೈವರೆಗೂ ಕೈ ಇಳಿಸಿ ಅಡಿಯ ಕಾಳು ತೆಗೆಯುತ್ತಾರೆ. ಹಲ್ಲಲ್ಲಿ ಕಡಿದು ನೋಡಿ, ಮೀಟರಿಗೆ ಹಾಕಿ ತೇವ ನೋಡಿ, ಆಮೇಲೆ ಟೆಂಡರ್ ಹಾಕುತ್ತಾರೆ. ಇಷ್ಟೆಲ್ಲಾ ನೋಡಿದ ಮೇಲೂ ಪಳಗಿದವರು ತಮ್ಮ ಕೈಲಿ ತಡೆದುಕೊಳ್ಳುವಷ್ಟೇ ಕೊಳ್ಳೋದು. ಒಂದು ವರ್ಷ ಒಬ್ಬರು ರೇಟು ಏರಿಯೇ ಏರುತ್ತೆ ಅಂತ ಬಡ್ಡಿಗೆ ದುಡ್ಡು ತಂದು ಗೋದಾಮು ತುಂಬಿಸಿದರು. ರೇಟು ಇಳಿಯಿತು. ಸರಾಸರಿ ಕಮ್ಮಿಯಾಗಲಿ ಅಂತ ಇನ್ನಷ್ಟು ಕೊಂಡರು. ಕಾಳಿಗೆ ಹುಳ ಬಿತ್ತು, ಬಡ್ಡಿ ಮಾತ್ರ ನಿಲ್ಲಲಿಲ್ಲ. ನಮ್ಮ ದಲಾಲಿ ಅಂಗಡಿಯ ಲೆಕ್ಕ ಬರೆಯೋಳು ನಾನು, ಅವರಿಂದ ಬರಬೇಕಾದ ಬಾಕಿಯ ಪುಟ ಇನ್ನೂ ಹಾಗೇ ಇದೆ. ಕೊಂಡ ಆಪ್ಷನ್ ಅಂತೂ ಗೋದಾಮಿನಲ್ಲಿ ಇಟ್ಟು ಕಾಯೋ ಮಾಲೂ ಅಲ್ಲ. ದಿನಾ ಸವೆಯುತ್ತೆ. ರೇಟು ನಿನ್ನ ಕಡೆ ಬರದಿದ್ದರೆ ಅವಧಿ ಮುಗಿಯೋ ಎಕ್ಸ್‌ಪೈರಿ ದಿನ, ಆ ಹಕ್ಕಿಗೆ ಕೊಟ್ಟ ಬೆಲೆ, ಅಂದರೆ ಪ್ರೀಮಿಯಂ, ಪೂರ್ತಿ ಸೊನ್ನೆ.

100 ರೂಪಾಯಿಯಲ್ಲಿ 10 ಹೋದರೆ ವಾಪಸ್ ಬರೋಕೆ ಸುಮಾರು 11% ಲಾಭ ಸಾಕು. 50 ಹೋದರೆ ಉಳಿದ ದುಡ್ಡು ಎರಡರಷ್ಟಾಗಬೇಕು. ಆಫೀಸಿನಲ್ಲಿ ಎಲ್ಲದಕ್ಕೂ ಲಿಮಿಟ್ ಇರುತ್ತೆ, ಮೀರಿದರೆ ಕೇಳೋರು ಇರುತ್ತಾರೆ. ಮನೆಯಲ್ಲಿ ಫೋನ್ ಹಿಡಿದು ಕೂತವರಿಗೆ ಸಾಕು ನಿಲ್ಲಿಸು ಅನ್ನೋರು ಯಾರೂ ಇಲ್ಲ. ನನ್ನ ಭಯ ಅದೇ.

ಷೇರು ಪೇಟೆ ಕೆಲಸದವರಿಗೆ ಪರೀಕ್ಷೆ ನಡೆಸೋ ಎನ್‌ಐಎಸ್‌ಎಂ ಸಂಸ್ಥೆಯ ಈಕ್ವಿಟಿ ಡೆರಿವೇಟಿವ್ಸ್ (ಫ್ಯೂಚರ್ಸ್, ಆಪ್ಷನ್ಸ್) ಪರೀಕ್ಷೆಗೆ ಈಗಲೇ ಓದು. ಪಾಸಾಗಲು 60 ಬೇಕು, ತಪ್ಪು ಉತ್ತರಕ್ಕೆ ಅಂಕ ಕಡಿಯುತ್ತಾರೆ. ಗೊತ್ತಿಲ್ಲದ್ದಕ್ಕೆ ಸುಮ್ನೆ ಟಿಕ್ ಹಾಕಬೇಡ.

ಕ್ಲೈಂಟ್ ಆರ್ಡರ್ ಹೇಳಿದಾಗ ಷೇರು, ಸಂಖ್ಯೆ, ರೇಟು ಮೂರನ್ನೂ ತಿರುಗಿ ಓದಿ ಹೇಳು. ರೆಕಾರ್ಡ್ ಆಗುವ ಲೈನ್ ಬಿಟ್ಟು ಬೇರೆ ಫೋನಿನಲ್ಲಿ ಆರ್ಡರ್ ತಗೋಬೇಡ. ಅವರು ಹೇಳದೆ ಅವರ ಅಕೌಂಟಿನಲ್ಲಿ ಒಂದು ಷೇರೂ ಮುಟ್ಟಬೇಡ, ಮೇಲಿನವರು ಟಾರ್ಗೆಟ್ ಅಂತ ಎಷ್ಟೇ ಒತ್ತಾಯ ಮಾಡಲಿ. ದೊಡ್ಡ ಆರ್ಡರ್ ಬರೋ ಸುಳಿವು ಸಿಕ್ಕಿತು ಅಂತ ಮೊದಲೇ ಕೊಳ್ಳೋದು, ಕೊಳ್ಳಿ ಅಂತ ಇನ್ನೊಬ್ಬರಿಗೆ ಹೇಳೋದು ಅಪರಾಧ. ನಿನ್ನ ಮಾವ ಈಗಲೇ ಟಿಪ್ಸ್ ಕೇಳುತ್ತಿದ್ದಾನೆ. ಅವಳನ್ನು ಕೇಳಬೇಡ ಅಂತ ನಾನೇ ಹೇಳಿದ್ದೇನೆ.

ಪಿಜಿ ಅಡ್ವಾನ್ಸ್, ಮೊದಲ ತಿಂಗಳ ಖರ್ಚು ನಮ್ಮದು. ಒಂದು ವರ್ಷ ನಿನ್ನ ಹೆಸರಲ್ಲಿ ಆಪ್ಷನ್ಸ್ ಬೇಡ. ಏನು ಕೊಳ್ಳಬೇಕು ಅನ್ನಿಸಿತು, ಯಾಕೆ, ಎಷ್ಟಕ್ಕೆ ಬಿಡುತ್ತಿದ್ದೆ ಅಂತ ದಿನಾ ಬರೆದಿಡು. ಆಮೇಲೂ ಆಸೆ ಇದ್ದರೆ ಆ ಪುಸ್ತಕ ತಗೊಂಡು ಬಾ. ಮೂವರೂ ಕೂತು ದುಡ್ಡಿನ ಮಾತು ಆಡೋಣ.

ನಿನ್ನ ಅಮ್ಮ