ಅವರು ನಿಮಗೆ ಏನಾಗಬೇಕು?

ತುಮಕೂರು
ಭಾನುವಾರ ರಾತ್ರಿ, ಅಂಗಡಿ ಬಾಗಿಲು ಎಳೆದ ಮೇಲೆ

ಪ್ರೀತಿಯ ಗೆಳೆಯಾ,

ಯುರೋಪಿನಿಂದ ನಿನ್ನ ಮೆಸೇಜು ಬಂದು ನಾಲ್ಕು ದಿನವಾಯಿತು. ಎರಡು ಸಾಲು ಉತ್ತರ ಹಾಕಿ ಸುಮ್ಮನಾಗಬಹುದಿತ್ತು, ಮನಸ್ಸು ಬರಲಿಲ್ಲ. "ಶಿವರಾತ್ರಿ ಜಾತ್ರೆಗೆ ಇಲ್ಲಿಯ ನನ್ನ ಹುಡುಗೀನ ಕರಕೊಂಡು ಬರಬೇಕು ಅಂತಿದ್ದೀನಿ ಕಣೋ. ಮದುವೆ ಆಗಿಲ್ಲ. ಏರ್‌ಪೋರ್ಟಲ್ಲಿ, ಪೊಲೀಸರ ಹತ್ರ ಏನಾದ್ರೂ ಕಿರಿಕಿರಿ ಆಗುತ್ತಾ? ಅಮ್ಮನಿಗೆ ಇಲ್ಲಿಯವರು ಮಾಡಿದ್ದನ್ನ ಅವಳಿಗೆ ನಮ್ಮವರು ಮಾಡಿಬಿಟ್ಟರೆ ನಾನು ಯಾವ ಮುಖ ಇಟ್ಕೊಂಡು ಮಾತಾಡಲಿ" ಅಂತ ಕೇಳಿದ್ದೀಯ. ದಿನಬೆಳಗಾದರೆ ಪಾಸ್‌ಪೋರ್ಟು, ವೀಸಾ, ಮದುವೆ ನೋಂದಣಿ ಅಂತ ಜನರ ಅರ್ಜಿ ತುಂಬುವ ಝೆರಾಕ್ಸ್ ಅಂಗಡಿಯವನನ್ನು ಕೇಳಿದ್ದೀಯ. ಉದ್ದಕ್ಕೇ ಹೇಳುತ್ತೇನೆ. ಇದೇ ಪ್ರಶ್ನೆ ಇಟ್ಟುಕೊಂಡು ಇನ್ನೂ ಕೆಲವರು ಅಂಗಡಿಗೆ ಬಂದಿದ್ದಾರೆ, ಅವರಿಗೂ ಆಗಲಿ ಅಂತ ಹೆಸರು, ಊರು ತೆಗೆದು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ಬೈಯಬೇಡ.

ಮೊದಲು ನಿನ್ನ ಅಮ್ಮನ ವಿಷಯ. ನಿನಗೆ ಫೋನಿನಲ್ಲಿ ಅರ್ಧ ಮಾತ್ರ ಹೇಳಿದ್ದೆ.

ನಿನ್ನ ಹತ್ತಿರ ಬರೋಕೆ ಅಮ್ಮನ ಷೆಂಗೆನ್ ವೀಸಾ, ಅಂದರೆ ಯುರೋಪಿನ ವೀಸಾ, ಅದರ ಅರ್ಜಿ ತುಂಬಿದವನು ನಾನೇ ಅಲ್ಲವಾ. ನಿನ್ನ ಆಹ್ವಾನ ಪತ್ರ, 30,000 ಯೂರೋ ಕವರ್ ಆಗುವ ಇನ್ಶೂರೆನ್ಸು, ಬ್ಯಾಂಕ್ ಪಾಸ್‌ಬುಕ್ಕು, ತೆಂಗಿನ ತೋಟದ ಪಹಣಿ, ಆ ಪಹಣಿಗೊಂದು ಇಂಗ್ಲಿಷ್ ಅನುವಾದ, ಅದರ ಮೇಲೆ ನೋಟರಿ ಸೀಲು. ಪಹಣಿಯ ಕಾಲಂಗಳನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಬೆವರು ಕಿತ್ತುಬಂದಿತ್ತು. ಖರಾಬು, ಬಾಗಾಯ್ತು ಇವಕ್ಕೆಲ್ಲ ಯುರೋಪಿನವನಿಗೆ ಅರ್ಥವಾಗುವ ಮಾತು ಎಲ್ಲಿಂದ ತರೋದು? ಸಾಲದ್ದಕ್ಕೆ ಊರಿನ ಹೆಸರಿನ ಗೋಳು. 2014ರ ನವೆಂಬರಿನಲ್ಲಿ ಇಂಗ್ಲಿಷ್ ಸ್ಪೆಲಿಂಗ್ ಬದಲಾಯಿತಲ್ಲ, ಅಮ್ಮನ ಹಳೇ ದಾಖಲೆಗಳಲ್ಲೆಲ್ಲ 'ಟುಮ್ಕೂರ್', ಆಧಾರಿನಲ್ಲಿ 'ತುಮಕೂರು'. ನಮಗೆ ಅಂದೂ ತುಮಕೂರೇ, ಇಂದೂ ತುಮಕೂರೇ. ಎರಡೂ ಒಂದೇ ಊರು ಅಂತ ಇನ್ನೊಂದು ಅಫಿಡವಿಟ್ಟು. ವೀಸಾ ಫೀಸು 2024ರ ಜೂನಿನಲ್ಲಿ 80ರಿಂದ 90 ಯೂರೋಗೆ ಏರಿತ್ತು, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂಬತ್ತು ಸಾವಿರ. ವೀಸಾ ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ, ದುಡ್ಡು ವಾಪಸ್ಸಿಲ್ಲ.

ಕೊನೆಗೆ ಬಂದಿದ್ದು ಒಂದು ಹಾಳೆ. ಸಾಲಾಗಿ ಕಾರಣಗಳು ಅಚ್ಚಾಗಿರುತ್ತವೆ, ಪಕ್ಕದಲ್ಲಿ ಚೌಕ, ಬೇಕಾದ್ದಕ್ಕೆ ಟಿಕ್ ಹಾಕಿ ಕಳಿಸುತ್ತಾರೆ. ಅಮ್ಮನ ಹಾಳೆಯಲ್ಲಿ ಟಿಕ್ ಇದ್ದದ್ದು, ವೀಸಾ ಅವಧಿ ಮುಗಿಯುವ ಮೊದಲು ವಾಪಸ್ ಹೋಗುವ ನಿಮ್ಮ ಉದ್ದೇಶದ ಮೇಲೆ ನಮಗೆ ಅನುಮಾನವಿದೆ ಅನ್ನುವುದಕ್ಕೆ. ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ ಕನ್ನಡದಲ್ಲಿ ಓದಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಆ ಹಾಳೆಯನ್ನೇ ನೋಡಿದರು. ಆಮೇಲೆ, "ಅಲ್ಲೇ ಇದ್ದುಬಿಡೋಕೆ ನಂಗೇನು ಬಂದಿರೋದು ಕಾಲ? ಎಮ್ಮೆ ಯಾರು ನೋಡ್ಕೋತಾರೆ? ಎಮ್ಮೆ ಇದೆ ಅಂತ ಬರೆದಿದ್ದೇನಪ್ಪಾ ಅರ್ಜೀಲಿ?" ಅಂದರು.

ಬರೆದಿರಲಿಲ್ಲ ಕಣೋ. ತೋಟ ಬರೆದಿದ್ದೆ, ಎಫ್‌ಡಿ ಬರೆದಿದ್ದೆ, ಎಮ್ಮೆ ಹೊಳೆಯಲೇ ಇಲ್ಲ. ಅದಕ್ಕೊಂದು ಕಾಲಂ ಕೂಡ ಇಲ್ಲ. ಆದರೆ ಅಮ್ಮ ಊರು ಬಿಟ್ಟು ಮೂರು ದಿನ ಆಚೆ ಇರದಿರುವುದಕ್ಕೆ ನಿಜವಾದ ಕಾರಣ ಅದೇ ಅಂತ ನಿನಗೂ ಗೊತ್ತು, ನನಗೂ ಗೊತ್ತು.

ಈಗ ನಿನ್ನ ಹುಡುಗಿಯ ಕಡೆ ಬರೋಣ. ನನ್ನ ಚಿಕ್ಕಪ್ಪನ ಮಗ ಕೆನಡಾದಲ್ಲಿರುವುದು ಗೊತ್ತಲ್ಲ. ಅವನ ಕಥೆ ಹೇಳಿದರೆ ನಿನ್ನ ಪ್ರಶ್ನೆಗೆ ಮುಕ್ಕಾಲು ಉತ್ತರ ಅದರಲ್ಲೇ ಇದೆ.

ಅಲ್ಲಿಯ ಕಾನೂನು ಒಂದು ವಿಷಯದಲ್ಲಿ ಉದಾರ. ತಾಳಿ ಇಲ್ಲದಿದ್ದರೂ ಹನ್ನೆರಡು ತಿಂಗಳು ಎಡೆಬಿಡದೆ ಒಟ್ಟಿಗೆ ಬಾಳಿದ್ದರೆ ಸಂಗಾತಿ ಅಂತ ಒಪ್ಪಿ, ಅವನ ಕೆನಡಾದ ಹುಡುಗಿಯ ಮೂಲಕವೇ ಅವನಿಗೆ ಅಲ್ಲಿ ನೆಲೆಸುವ ದಾರಿ ಮಾಡಿಕೊಡುತ್ತದೆ. ಉದಾರ ಅಂದೆನೇ ಹೊರತು ಸುಲಭ ಅನ್ನಲಿಲ್ಲ. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರು, ಕರೆಂಟು ಬಿಲ್ಲು, ಜಂಟಿ ಖಾತೆ, ಫೋಟೋಗಳು, ಇಬ್ಬರ ಚಾಟು ಎಲ್ಲ ಗುಡ್ಡೆ ಹಾಕಿದರು. ಅದರ ಜೊತೆಗೆ ಮನೆಯವರಿಗೂ ಈ ಸಂಬಂಧ ಗೊತ್ತು ಅನ್ನೋದಕ್ಕೆ ಚಿಕ್ಕಮ್ಮನಿಂದ ಒಂದು ಪತ್ರ ಇದ್ದರೆ ಅರ್ಜಿಗೆ ಬಲ ಬರುತ್ತೆ ಅಂತ ಅವನ ಫೋನು. ಟೈಪ್ ಮಾಡಿದವನು ನಾನು. "ನನ್ನ ಮಗ ಇಂಥವಳ ಜೊತೆ ಒಂದೂವರೆ ವರ್ಷದಿಂದ ಒಂದೇ ಮನೆಯಲ್ಲಿ ಸಂಸಾರ ಮಾಡುತ್ತಿರುವುದು ನನಗೆ ತಿಳಿದಿರುತ್ತದೆ" ಅಂತ. ಸಹಿ ಹಾಕೋಕೆ ಪೆನ್ನು ಕೊಟ್ಟರೆ ಚಿಕ್ಕಮ್ಮ ಅಂಗಡಿಯಲ್ಲಿ ಯಾರಾದರೂ ಪರಿಚಯದವರು ಇದ್ದಾರಾ ಅಂತ ಒಂದು ಸಲ ಹಿಂದೆ ತಿರುಗಿ ನೋಡಿದರು. "ಬೀಗರಿಗೇ ಹೇಳದ್ದನ್ನ ಸರ್ಕಾರಕ್ಕೆ ಹೇಳಬೇಕಾಯ್ತಲ್ಲೋ" ಅಂತ ಗೊಣಗಿಕೊಂಡೇ ಸಹಿ ಹಾಕಿದರು. ಸಂಬಂಧಿಕರಿಗೆಲ್ಲ ಅವನು 'ರೂಮ್‌ಮೇಟ್ಸ್ ಜೊತೆ' ಇದ್ದ ಕಾಲ ಅದು.

ಆ ಹುಡುಗಿ 2023ರ ದೀಪಾವಳಿಗೆ ಬರಬೇಕಿತ್ತು. ಆಗ ಎರಡೂ ಸರ್ಕಾರಗಳು ಮುನಿಸಿಕೊಂಡವು ನೋಡು, ಸೆಪ್ಟೆಂಬರಿನಲ್ಲಿ ಕೆನಡಾದವರಿಗೆ ವೀಸಾ ಕೊಡುವುದನ್ನೇ ಭಾರತ ನಿಲ್ಲಿಸಿತು. ಟಿಕೆಟ್ಟಿನ ದುಡ್ಡು ನೀರಲ್ಲಿ ಹೋಮ. ಮಾಡಿದ ಹೋಳಿಗೆಯನ್ನು ಚಿಕ್ಕಮ್ಮ ವೀಡಿಯೋ ಕಾಲಿನಲ್ಲಿ ತೋರಿಸಿದ್ದಷ್ಟೇ ಬಂತು. ವರ್ಷದ ಕೊನೆಗೆ ಬಾಗಿಲು ಮತ್ತೆ ತೆರೆಯತೊಡಗಿತು, 2024ರ ಮಾರ್ಚಿನಲ್ಲಿ ಶಿವರಾತ್ರಿಗೆ ಇಬ್ಬರೂ ಬಂದರು.

ದೇವನಹಳ್ಳಿಯಲ್ಲಿ ಇಳಿದಾಗ ಇವನು ಇಂಡಿಯನ್ ಪಾಸ್‌ಪೋರ್ಟಿನ ಸಾಲು, ಅವಳು ವಿದೇಶಿಯರ ಸಾಲು. ಇವನು ಹತ್ತು ನಿಮಿಷದಲ್ಲಿ ಆಚೆ. ಅವಳಿಗೆ ಬೆರಳಚ್ಚು, ಫೋಟೋ, ಎಲ್ಲಿ ಉಳ್ಕೋತೀರಿ, ಯಾಕೆ ಬಂದಿರಿ ಇತ್ಯಾದಿ. ತುಮಕೂರಲ್ಲಿ ಏನು ನೋಡ್ತೀರಿ ಅಂತ ಅಧಿಕಾರಿ ಕೇಳಿದರಂತೆ, ಅವಳು "ತಟ್ಟೆ ಇಡ್ಲಿ" ಅಂದಳಂತೆ, ಅವರು ನಕ್ಕು ಸೀಲು ಒತ್ತಿದರಂತೆ. ಇದು ನನ್ನ ತಮ್ಮ ಹೇಳಿದ್ದು, ಅವನು ಉಪ್ಪುಖಾರ ಹಚ್ಚಿ ಹೇಳುವವನು, ಅರ್ಧ ಬಿಟ್ಟು ನಂಬು. ಆದರೂ ಅಲ್ಲಿ ಅವರಿಗೆ ಕಿರುಕುಳ ಅನ್ನುವಂಥದ್ದು ಏನೂ ಆಗಲಿಲ್ಲ. ಅವನಿಗೆ ಕಷ್ಟವಾದದ್ದು ಗಾಜಿನ ಆಚೆ ನಿಂತು ಮುಕ್ಕಾಲು ಗಂಟೆ ಕಾದದ್ದು. ಅವಳ ಜೊತೆ ನಿಲ್ಲುತ್ತೇನೆ ಅಂದಿದ್ದಕ್ಕೆ "ವೈಫಾ?" ಅಂದರಂತೆ. ಅಲ್ಲ ಅಂದ. "ಹಂಗಾದ್ರೆ ಮುಂದೆ ಹೋಗಿ" ಅಂದರಂತೆ.

ದಾಬಸ್‌ಪೇಟೆ ರಸ್ತೆ ಹಿಡಿದು ಊರಿಗೆ ಬಂದ ಮೇಲೆ ಶುರುವಾಗಿದ್ದು ಅಸಲಿ ರಗಳೆ. ಮದುವೆಯಾಗದ ಜೋಡಿ ಮನೆಯಲ್ಲಿ ಯಾಕೆ, ಜನ ಏನಂದಾರು ಅಂತ ಚಿಕ್ಕಪ್ಪ ಒಂದು ಲಾಡ್ಜಿನಲ್ಲಿ ರೂಮು ಹೇಳಿದ್ದರು. ಕೌಂಟರಿನ ಹುಡುಗ ಪಾಸ್‌ಪೋರ್ಟು ನೋಡಿದವನೇ "ಫಾರಿನರ್ಸ್‌ಗೆ ಪರ್ಮಿಶನ್ ಇಲ್ಲ ಸಾರ್" ಅಂದ. ಇದನ್ನು ಚೆನ್ನಾಗಿ ತಿಳಿದುಕೋ, ಯಾಕೆಂದರೆ ನಿನಗೂ ಇದೇ ಮಾತು ಹೇಳುತ್ತಾರೆ. ಹಾಗೊಂದು ನಿಷೇಧ ಕಾನೂನಿನಲ್ಲಿ ಇಲ್ಲ. ಇರುವುದು ಒಂದು ಕೆಲಸ: ವಿದೇಶಿಯೊಬ್ಬರು ಉಳಿದುಕೊಂಡರೆ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನಿನಲ್ಲಿ ಇಮಿಗ್ರೇಶನ್ನಿನವರಿಗೆ ಕಳಿಸಬೇಕು. ನಾವೆಲ್ಲ ಸಿ ಫಾರಂ ಅನ್ನುತ್ತೇವೆ. ಅದಕ್ಕೆ ಲಾಡ್ಜಿನವರು ಒಮ್ಮೆ ನೋಂದಾಯಿಸಿಕೊಂಡು ಯೂಸರ್ ಐಡಿ ಪಡೆದಿರಬೇಕು. ವರ್ಷಕ್ಕೊಬ್ಬ ಬರುವ ಗಿರಾಕಿಗೆ ಇದೆಲ್ಲ ಯಾಕೆ ಅಂತ ಸಣ್ಣ ಲಾಡ್ಜಿನವರು ಕೈ ಅಲ್ಲಾಡಿಸಿಬಿಡುತ್ತಾರೆ. ಅವಳಿಗೆ ಮಾತ್ರ, ಈ ಊರಿನವರಿಗೆ ನಾನು ಬೇಡ ಅಂತ ಕೇಳಿಸಿತು. ಅವಳ ಮುಖ ನೋಡಿ ಚಿಕ್ಕಪ್ಪ ಬ್ಯಾಗು ಎತ್ತಿ ಕಾರಿಗೆ ಹಾಕಿ, "ನಡಿ, ಮನೆಗೆ ಹೋಗೋಣ. ಜನ ಏನಾದ್ರೂ ಅಂದ್ಕೊಳ್ಳಲಿ" ಅಂದರು.

ಮನೆಯಲ್ಲಿ ಉಳಿದರೂ ಫಾರಂ ತಪ್ಪಲ್ಲ, ಮನೆ ಯಜಮಾನನೇ ಕಳಿಸಬೇಕು. ಅವತ್ತು ರಾತ್ರಿ ನಾನೇ ಕೂತು ತುಂಬಿದೆ. ಮೂರನೇ ದಿನ ಒಬ್ಬ ಪೊಲೀಸಿನವರು ಬೈಕಿನಲ್ಲಿ ಬಂದರು. ಒಳ್ಳೆಯವರೇ. ಕಾಫಿ ಕುಡಿದರು, ಪಾಸ್‌ಪೋರ್ಟಿನ ಫೋಟೋ ತೆಗೆದುಕೊಂಡರು, ಆಮೇಲೆ ಪುಸ್ತಕ ತೆಗೆದು ಚಿಕ್ಕಮ್ಮನನ್ನು ಕೇಳಿದರು, "ಇವರು ನಿಮಗೆ ಏನಾಗಬೇಕು ತಾಯಿ?"

ಚಿಕ್ಕಮ್ಮ, "ಸೊಸೆ ಆಗಬೇಕು" ಅಂದರು.

ನಮ್ಮ ಭಾಷೆಯ ತಮಾಷೆ ನೋಡು. ಈಗಾಗಲೇ ಸೊಸೆ ಅಂತಲೂ ಆಯಿತು, ಇನ್ನು ಮುಂದೆ ಆಗಬೇಕಾದವಳು ಅಂತಲೂ ಆಯಿತು. ಚಿಕ್ಕಮ್ಮ ಯಾವ ಅರ್ಥದಲ್ಲಿ ಅಂದರೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ. ಪೊಲೀಸಿನವರು 'ಸೊಸೆ' ಅಂತ ಬರೆದುಕೊಂಡು ಹೋದರು. ಎರಡು ದಿನ ಬಿಟ್ಟು ಒಂದು ಕಚೇರಿಯಿಂದ ಫೋನು: ಬಂದ ಉದ್ದೇಶ 'ಸ್ನೇಹಿತರ ಭೇಟಿ' ಅಂತ ಇದೆ, ವರದಿಯಲ್ಲಿ 'ಸೊಸೆ' ಅಂತ ಇದೆ, ಮ್ಯಾರೇಜ್ ಸರ್ಟಿಫಿಕೇಟ್ ತಗೊಂಡು ಬನ್ನಿ. ಜಾತ್ರೆ ನೋಡಬೇಕಾದ ದಿನ ನಾನು, ತಮ್ಮ ಬೆಂಚಿನ ಮೇಲೆ ಕೂತಿದ್ದೆವು. ಇಲ್ಲದ ಮದುವೆಗೆ ಸರ್ಟಿಫಿಕೇಟ್ ಎಲ್ಲಿಂದ ತರೋಣ? 'ಆಗಬೇಕು' ಅನ್ನುವ ಪದಕ್ಕೆ ಎರಡು ಅರ್ಥವಿದೆ ಸಾರ್ ಅಂತ ನಾನು ವ್ಯಾಕರಣ ಹೇಳಿದೆ. ಆ ಸಾಹೇಬರು ಕನ್ನಡದವರೇ ಆಗಿದ್ದು ನಮ್ಮ ಪುಣ್ಯ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಒಂದು ಬಿಳಿ ಹಾಳೆಯಲ್ಲಿ ಹೇಳಿಕೆ ಬರೆಸಿಕೊಂಡು ಕಳಿಸಿದರು. ನಾಲ್ಕು ಗಂಟೆ ಹೋಯಿತು.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಬ್ರಿಟಿಷರ ಕಾಲದ 1920, 1939, 1946ರ ಮೂರು ಕಾಯ್ದೆ, ಜೊತೆಗೆ 2000ದ ಇನ್ನೊಂದು, ನಾಲ್ಕನ್ನೂ ತೆಗೆದು ಈಗ ಒಂದೇ ಕಾಯ್ದೆ ಮಾಡಿದ್ದಾರೆ. 2025ರ ಸೆಪ್ಟೆಂಬರ್ 1ರಿಂದ ಅದೇ ಚಾಲ್ತಿ. ಮನೆಯವರು ಮಾಹಿತಿ ಕೊಡುವುದು ಹಾಗೆಯೇ ಇದೆ. ನಿನ್ನ ಹುಡುಗಿಯ ಹಾಗೆ ಕೆಲವು ವಾರಕ್ಕೆ ಟೂರಿಸ್ಟ್ ವೀಸಾದಲ್ಲಿ ಬರುವವರು ನೋಂದಣಿ ಕಚೇರಿಗೆ ಅಲೆಯಬೇಕಿಲ್ಲ. 2025ರ ಅಕ್ಟೋಬರಿನಿಂದ ವಿದೇಶಿಯರಿಗೆ ಇ-ಅರೈವಲ್ ಕಾರ್ಡ್ ಅಂತ ಬಂದಿದೆ, ಇಳಿಯುವ ಮುಂಚಿನ 72 ಗಂಟೆಯೊಳಗೆ ಆನ್‌ಲೈನಿನಲ್ಲಿ ತುಂಬಬೇಕು, ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ವೆಬ್‌ಸೈಟು ಕಂಡರೆ ಅಲ್ಲಿಂದ ಓಡು.

ಹಂಗೇ ಇಲ್ಲೇ ಮದುವೆ ಮುಗಿಸಿಬಿಡೋಣ ಅಂತ ಒಂದು ಸಾಲು ಸೇರಿಸಿದ್ದೀಯಲ್ಲ, ಅದು ಒಂದು ತಿಂಗಳ ರಜೆಯಲ್ಲಿ ಆಗುವ ಮಾತಲ್ಲ. 1954ರ ವಿಶೇಷ ವಿವಾಹ ಕಾಯ್ದೆ ಪ್ರಕಾರ ನಿಮ್ಮಿಬ್ಬರಲ್ಲಿ ಒಬ್ಬರಾದರೂ ಮೊದಲು 30 ದಿನ ಈ ಜಿಲ್ಲೆಯಲ್ಲಿ ವಾಸವಿರಬೇಕು. ಆಮೇಲೆ ಕೊಟ್ಟ ನೋಟಿಸು ಇನ್ನೂ 30 ದಿನ ಕಚೇರಿಯ ಬೋರ್ಡಿನಲ್ಲಿ ತೂಗಬೇಕು, ಯಾರಾದರೂ ತಕರಾರು ತೆಗೆಯಲಿ ಅಂತ. ಆ ಬೋರ್ಡು ಓದುವುದಕ್ಕೇ ಬರುವ ಜನ ಇದ್ದಾರೆ, ಅಂಗಡಿಯಲ್ಲಿ ಕೂತು ನಾನು ನೋಡಿದ್ದೇನೆ. ದೇವಸ್ಥಾನದಲ್ಲಿ ತಾಳಿ ಕಟ್ಟಿ ಲಗ್ನಪತ್ರಿಕೆ ಹಚ್ಚಿದರೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡ. ಇನ್ನು ಲಗ್ನಪತ್ರಿಕೆಯ ಸಹವಾಸ ಬೇರೆ. ಹೋದ ವರ್ಷ ಒಬ್ಬ ಹುಡುಗಿಯ ಗಂಡನ ಕಡೆ ವೀಸಾಕ್ಕೆ ಪತ್ರಿಕೆಯ ಅನುವಾದ ಕಳಿಸಿದ್ದರು, ಪತ್ರಿಕೆಯಲ್ಲಿರುವ 'ಚಿ. ಸೌ.' ಅನ್ನುವ ಇನಿಷಿಯಲ್ಲು ಪಾಸ್‌ಪೋರ್ಟಿನಲ್ಲಿ ಯಾಕಿಲ್ಲ ಅಂತ ಪ್ರಶ್ನೆ ಬಂತು. ಚಿರಂಜೀವಿ ಸೌಭಾಗ್ಯವತಿಯನ್ನು ಬಿಡಿಸಿ ಹೇಳಲು ಒಂದು ಪುಟ ಬರೆದೆ.

ಮದುವೆಯಾಗಿ, ನೋಂದಣಿಯಾಗಿ, ಎರಡು ವರ್ಷ ಸಂಸಾರ ನಡೆದಿದ್ದರೆ ಅವಳಿಗೆ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡು ಕೇಳಬಹುದು. ಮದುವೆಯಾಗುವವರೆಗೆ ನಮ್ಮ ಸರ್ಕಾರದ ಕಣ್ಣಿಗೆ ಅವಳೊಬ್ಬ ಟೂರಿಸ್ಟು. ನೀನು ಅವಳ ಜೊತೆ ಐದು ವರ್ಷ ಇರು, ಹತ್ತು ವರ್ಷ ಇರು, ಸಂಗಾತಿ ಅನ್ನುವ ವೀಸಾ ನಮ್ಮಲ್ಲಿಲ್ಲ. ಈ ಒಂದು ವಿಷಯದಲ್ಲಿ ನನಗೆ ನಮ್ಮವರ ಮೇಲೆ ಸಿಟ್ಟಿದೆ. ಅಮ್ಮನ ವಿಷಯದಲ್ಲಿ ನಿಮ್ಮವರ ಮೇಲಿದೆ. ಎರಡೂ ಕಡೆಯ ಅರ್ಜಿ ತುಂಬುವವನು ನಾನೊಬ್ಬನೇ ಆದ್ದರಿಂದ ಎರಡೂ ಸಿಟ್ಟು ನನ್ನ ಅಂಗಡಿಯಲ್ಲೇ ಉಳಿದಿದೆ.

ಧೈರ್ಯವಾಗಿ ಕರಕೊಂಡು ಬಾ. ಲಾಡ್ಜು ಗೀಡ್ಜು ಬೇಡ, ನಮ್ಮ ಮನೆ ಮೇಲಿನ ರೂಮು ಖಾಲಿ ಇದೆ. ಟಿಕೆಟ್ಟಾದ ದಿನ ಅವಳ ಪಾಸ್‌ಪೋರ್ಟು, ವೀಸಾದ ಪಿಡಿಎಫ್ ಕಳಿಸು, ಫಾರಂ ನಾನೇ ಹಾಕುತ್ತೇನೆ. ಅಮ್ಮನ ಎರಡನೇ ಅರ್ಜಿಯನ್ನೂ ಅಷ್ಟರಲ್ಲಿ ಶುರು ಮಾಡುತ್ತೇನೆ, ಈ ಸಲ ಒಂದು ಕವರಿಂಗ್ ಲೆಟರು ಬರೆದು ಎಮ್ಮೆಯ ಫೋಟೋ ಸಮೇತ ಹಚ್ಚುತ್ತೇನೆ.

ಮತ್ತೆ, ಬರುವ ಮುಂಚೆ ಅಮ್ಮನ ಹತ್ತಿರ ಒಂದು ಮಾತಾಡಿಟ್ಟಿರು. ಮನೆಗೆ ಬಂದವರು ಅವರನ್ನೇ ಕೇಳುತ್ತಾರೆ, ಏನಾಗಬೇಕು ಅಂತ.

ನಿನ್ನ,
ಝೆರಾಕ್ಸ್ ಅಂಗಡಿಯವನು