ಪರದೆಗೆ ಹೋದ ಕಥೆ, ಕಥೆ ತೆರಬೇಕಾದ ಬೆಲೆ: ಯುವ ಬರಹಗಾರ್ತಿಗೊಂದು ಪತ್ರ

ಪ್ರೀತಿಯ ಗೆಳತಿಗೆ,

ನಿಮ್ಮ ಹಸ್ತಪ್ರತಿಯನ್ನು ಪೂರ್ತಿ ಓದಿದೆ, ಜೊತೆಗಿದ್ದ ಪತ್ರವನ್ನೂ ಓದಿದೆ. ಪತ್ರದ ಮುಕ್ಕಾಲು ಪಾಲು, ಅದೇ ಹೆಸರಿನ ಫ್ಯಾಂಟಸಿ ಕಾದಂಬರಿ ಮಾಲೆಯನ್ನು ಆಧರಿಸಿದ ‘ದಿ ವ್ಹೀಲ್ ಆಫ್ ಟೈಮ್’ ಟಿವಿ ಸೀರೀಸ್ ಅರ್ಧಕ್ಕೇ ನಿಂತುಹೋದ ಸಂಕಟ. ಕೊನೆಯಲ್ಲಿ, ನಿಮ್ಮ ಕಾದಂಬರಿಯನ್ನೂ ಮುಂದೆ ಯಾರಾದರೂ ಒಟಿಟಿಗೆ ತೆಗೆದುಕೊಂಡು ಕೆಡಿಸಿಬಿಟ್ಟರೆ ಎಂಬ ಆತಂಕ. ಅಚ್ಚೇ ಆಗದ ಪುಸ್ತಕಕ್ಕೆ ಈಗಲೇ ಈ ಚಿಂತೆಯೇ ಎಂದು ಮನೆಯಲ್ಲಿ ನಕ್ಕರಂತೆ. ನನಗೆ ನಗು ಬರಲಿಲ್ಲ. ಒಂದು ಕಥೆಯನ್ನು ಆ ಮಟ್ಟಿಗೆ ಹಚ್ಚಿಕೊಂಡವರಿಗಷ್ಟೇ ಇಂಥ ಭಯ ಹುಟ್ಟುತ್ತದೆ. ಬರೆಯುವವರು ಆ ಭಯವನ್ನು ಬಿಡಿಸಿ ನೋಡಬೇಕು, ಅದರಲ್ಲಿ ಕಲಿಯುವುದು ಬಹಳ ಇದೆ.

ಈ ಕಾದಂಬರಿಗಳ ಅಭಿಮಾನಿಗಳನ್ನು ದೂರದಿಂದ ನೋಡಿದವರಿಗೆ ಅವರು ಹಟಮಾರಿಗಳಂತೆ ಕಾಣುತ್ತಾರೆ. ಪುಸ್ತಕದಲ್ಲಿ ನೈನೀವ್ ಎಂಬ ಪಾತ್ರ ಸಿಟ್ಟು ಬಂದಾಗಲೆಲ್ಲ ಜಡೆ ಎಳೆದುಕೊಳ್ಳುತ್ತಾಳೆ, ಇಲ್ಲಿ ಯಾಕಿಲ್ಲ ಎಂದು ಕೇಳುವವರೂ ಅವರಲ್ಲಿದ್ದಾರೆ, ನಿಜ. ಆದರೆ ಅವರು ನಡೆದುಬಂದ ದಾರಿಯನ್ನೂ ನೋಡಿ. ರಾಬರ್ಟ್ ಜಾರ್ಡನ್ ಅವರ ಮೊದಲ ಸಂಪುಟ ಬಂದದ್ದು 1990ರಲ್ಲಿ. 2007ರಲ್ಲಿ, ಕಥೆ ಮುಗಿಯುವ ಮೊದಲೇ, ಅವರು ತೀರಿಕೊಂಡರು. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಹಿಡಿದು ಬ್ರ್ಯಾಂಡನ್ ಸ್ಯಾಂಡರ್‌ಸನ್ ಕೊನೆಯ ಮೂರು ಸಂಪುಟಗಳನ್ನು ಬರೆದರು. ಹದಿನಾಲ್ಕನೆಯದು ಹೊರಬರುವಾಗ 2013. ಹೈಸ್ಕೂಲಿನಲ್ಲಿ ಓದಲು ಹಿಡಿದವರು ಮುಗಿಸುವ ಹೊತ್ತಿಗೆ ಹೈಸ್ಕೂಲಿಗೆ ಹೋಗುವ ಮಕ್ಕಳ ತಂದೆತಾಯಿಯಾಗಿದ್ದರು. ಲೇಖಕನ ಸಾವನ್ನೇ ನಡುವೆ ದಾಟಿಬಂದ ಓದುಗರು ಇವರು.

ಹಾಗಾಗಿ ಟಿವಿಗೆ ಬರುತ್ತದೆ ಎಂಬ ಸುದ್ದಿ ಕೇಳಿದಾಗ ಅವರ ಆಸೆಯೂ ಸಣ್ಣದಾಗಿರಲಿಲ್ಲ. ತಮ್ಮ ಕಣ್ಣಿನಲ್ಲಿ ಮಾತ್ರ ಇದ್ದ ಊರನ್ನು ಎಲ್ಲರೂ ನೋಡುತ್ತಾರೆ. ಅಷ್ಟು ದಪ್ಪದ ಪುಸ್ತಕ ಮುಟ್ಟದ ಗಂಡನಿಗೋ ಹೆಂಡತಿಗೋ ತಂಗಿಗೋ ಇಷ್ಟು ವರ್ಷ ತಾವು ಎಲ್ಲಿ ಮುಳುಗಿದ್ದೆವು ಎಂದು ಕೊನೆಗೂ ತೋರಿಸಬಹುದು. ಈ ಎರಡನೆಯ ಆಸೆಯ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ನನಗೆ ಅದೇ ದೊಡ್ಡದು ಅನ್ನಿಸುತ್ತದೆ. ಭಯಕ್ಕೂ ಕಾರಣವಿತ್ತು. 2015ರ ಫೆಬ್ರವರಿಯಲ್ಲಿ ಅಮೆರಿಕದ ಒಂದು ಚಾನೆಲ್‌ನಲ್ಲಿ, ನಡುರಾತ್ರಿ ಕಳೆದ ಮೇಲೆ, ಮೊದಲ ಸಂಪುಟದ ಪೀಠಿಕೆಯನ್ನು ಆಧರಿಸಿದ ಅರ್ಧ ಗಂಟೆಯ ಒಂದು ಕಂತು ಸದ್ದಿಲ್ಲದೆ ಪ್ರಸಾರವಾಯಿತು. ಪುಸ್ತಕವನ್ನು ಪರದೆಗೆ ತರುವ ಹಕ್ಕಿನ ಅವಧಿ ಮುಗಿಯುವ ಹೊಸ್ತಿಲಲ್ಲಿ ಬಂದ ಕಂತು ಅದು. ಜಾರ್ಡನ್ ಅವರ ಪತ್ನಿಯೂ ಸಂಪಾದಕಿಯೂ ಆಗಿದ್ದ ಹ್ಯಾರಿಯೆಟ್ ಮೆಕ್‌ಡೂಗಲ್ ಅವರೇ ತಮಗೆ ಇದರ ಸುಳಿವಿರಲಿಲ್ಲ ಎಂದು ಹೇಳಿಕೆ ಕೊಡಬೇಕಾಯಿತು.

2021ರ ನವೆಂಬರಿನಲ್ಲಿ ಪ್ರೈಮ್ ವಿಡಿಯೋದಲ್ಲಿ ನಿಜವಾದ ಸೀರೀಸ್ ಶುರುವಾಯಿತು. ಮೊದಲ ಎಪಿಸೋಡಿನಲ್ಲೇ, ಕಥೆಯ ಮುಖ್ಯ ಪಾತ್ರಗಳಲ್ಲೊಬ್ಬನಾದ ಪೆರಿನ್‌ಗೆ ಒಬ್ಬಳು ಹೆಂಡತಿ. ಪುಸ್ತಕದಲ್ಲಿ ಅವನಿಗೆ ಆಗ ಮದುವೆಯೇ ಆಗಿಲ್ಲ. ಊರಿನ ಮೇಲೆ ದಾಳಿಯಾದ ರಾತ್ರಿ, ಹೊಡೆದಾಟದ ಗೊಂದಲದಲ್ಲಿ, ಪೆರಿನ್‌ನ ಕೊಡಲಿ ಆಕಸ್ಮಿಕವಾಗಿ ಅವಳಿಗೇ ತಗುಲಿ ಅವಳು ಸಾಯುತ್ತಾಳೆ. ಸೀರೀಸಿಗೆ ಸಲಹೆ ಕೊಡುತ್ತಿದ್ದ ಸ್ಯಾಂಡರ್‌ಸನ್ ಕೂಡ ಇದನ್ನು ತಾವು ಒಪ್ಪಿರಲಿಲ್ಲವೆಂದು ಬಹಿರಂಗವಾಗಿಯೇ ಹೇಳಿದ್ದಾರೆ. ನೀವೂ ಇದಕ್ಕೆ ಸಿಟ್ಟಾಗಿದ್ದೀರಿ. ಆದರೆ ‘ಪುಸ್ತಕದಲ್ಲಿ ಇಲ್ಲದ್ದನ್ನು ಸೇರಿಸಿದರು’ ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು.

ಪುಸ್ತಕದ ಪೆರಿನ್ ಕಮ್ಮಾರನ ಬಳಿ ಕೆಲಸ ಕಲಿಯುವ ಹುಡುಗ. ದೊಡ್ಡ ಮೈ. ತನ್ನ ಕೈ ತಾಗಿ ಯಾರಿಗಾದರೂ ನೋವಾದೀತೆಂದು ಚಿಕ್ಕಂದಿನಿಂದ ನಿಧಾನವಾಗಿ ಓಡಾಡಿ, ನಿಧಾನವಾಗಿ ಯೋಚಿಸಿ ಅಭ್ಯಾಸ. ಮೊದಲ ಸಂಪುಟದಲ್ಲಿ, ತನಗೆ ಹತ್ತಿರವಾದ ತೋಳವೊಂದು ಕಣ್ಣೆದುರು ಸತ್ತಾಗ, ಅವನು ಕೊಡಲಿ ಎತ್ತಿ ಇಬ್ಬರು ಸೈನಿಕರನ್ನು ಕೊಲ್ಲುತ್ತಾನೆ. ಕೈತಪ್ಪಿದ ಏಟಲ್ಲ, ಬೇಕೆಂದೇ ಬೀಸಿದ್ದು. ಕೊಲ್ಲುವುದು ತನಗೆ ಇಷ್ಟು ಸುಲಭವೇ ಎಂಬ ಪ್ರಶ್ನೆ ಅಲ್ಲಿಂದ ಅವನ ಬೆನ್ನು ಹತ್ತುತ್ತದೆ. ಕೊಡಲಿ ಹಿಡಿಯಲೋ ಸುತ್ತಿಗೆ ಹಿಡಿಯಲೋ ಎಂಬ ತೊಳಲಾಟ ಸಂಪುಟದಿಂದ ಸಂಪುಟಕ್ಕೆ ಸಾಗಿ, ಹತ್ತನೆಯದರಲ್ಲಿ ಅವನು ಆ ಕೊಡಲಿಯನ್ನು ಎಸೆಯುತ್ತಾನೆ. ಅಪಘಾತದಿಂದ ಹುಟ್ಟುವುದು ದುಃಖ, ಪಾಪಪ್ರಜ್ಞೆ. ತಾನಾಗಿ ಬೀಸಿದ ಕೊಡಲಿಯಿಂದ ಹುಟ್ಟುವುದು ತನ್ನ ಬಗೆಗೇ ಭಯ. ಸೀರೀಸಿನ ಪೆರಿನ್ ಬಾಡಿದ ಮುಖ ಹೊತ್ತು ಎಪಿಸೋಡಿನಿಂದ ಎಪಿಸೋಡಿಗೆ ನಡೆದ. ಅವನ ಮೌನ ವಿಧುರನ ಮೌನವಾಯಿತು. ಅವನನ್ನು ಮೊದಲ ಬಾರಿ ನೋಡುವವರಿಗೆ ಅವನ ನಿಜವಾದ ಪ್ರಶ್ನೆ ಏನೆಂದೇ ತಿಳಿಯಲಿಲ್ಲ.

ಓದುಗರಿಗೆ ಚುಚ್ಚಿದ್ದು ಇದು. ಪಾತ್ರಗಳು ಕಡಿಮೆಯಾದರೆ, ಊರುಗಳು ಒಂದಾದರೆ, ಎರಡು ಸಂಪುಟದ ಘಟನೆ ಒಂದು ಸಂಜೆಯಲ್ಲಿ ನಡೆದರೆ ಅವರು ಒಂದಿಷ್ಟು ಗೊಣಗುತ್ತಾರೆ, ಆಮೇಲೆ ಒಪ್ಪಿಕೊಳ್ಳುತ್ತಾರೆ. ಪಾತ್ರ ಯಾವುದಕ್ಕೆ ಯಾವ ಬೆಲೆ ತೆರುತ್ತಿದೆ ಎಂಬ ಲೆಕ್ಕ ತಪ್ಪಿದರೆ ಮಾತ್ರ ಕ್ಷಮಿಸುವುದಿಲ್ಲ. ಫ್ಯಾಂಟಸಿಯಲ್ಲಿ ಇದು ಇನ್ನೂ ಕಟ್ಟುನಿಟ್ಟು. ಅಲ್ಲಿ ಏನು ಬೇಕಾದರೂ ಆಗಬಹುದು ಎಂದಿರುವುದರಿಂದಲೇ ಪ್ರತಿಯೊಂದಕ್ಕೂ ಬೆಲೆ ಇರಬೇಕಾಗುತ್ತದೆ.

ಮಾಡಿದವರ ಕಷ್ಟವನ್ನೂ ಹೇಳಿಬಿಡುತ್ತೇನೆ. ಒಂದು ಸೀಸನ್ನಿಗೆ ಎಂಟೇ ಎಪಿಸೋಡು. ಮೊದಲ ಸೀಸನ್ನಿನ ಚಿತ್ರೀಕರಣದ ನಡುವೆ ಕೋವಿಡ್ ಬಂತು. ಮ್ಯಾಟ್ ಪಾತ್ರದ ನಟ ಅರ್ಧದಲ್ಲೇ ಹೊರಟುಹೋದರು. ಕಾದಂಬರಿ ಬರೆಯುವವರಿಗೆ ಇಂಥ ಅನಾಹುತಗಳಿಲ್ಲ. ನಮ್ಮ ಪಾತ್ರ ಎಂಟನೆಯ ಅಧ್ಯಾಯದಲ್ಲಿ ಕೈಕೊಟ್ಟು ಹೋಗುವುದಿಲ್ಲ.

ಅದೇ ತಂಡ 2025ರ ಮೂರನೆಯ ಸೀಸನ್ನಿನಲ್ಲಿ ಏನು ಮಾಡಿತು ನೋಡಿ. ನಾಲ್ಕನೆಯ ಎಪಿಸೋಡು, ರುಯಿಡಿಯನ್ ಪಟ್ಟಣದ ಗಾಜಿನ ಕಂಬಗಳು. ಕಥೆಯ ನಾಯಕ ರ್ಯಾಂಡ್ ಆ ಕಂಬಗಳ ನಡುವೆ ಹೆಜ್ಜೆಯಿಡುತ್ತಾ ಹೋದಂತೆ ತನ್ನ ಪೂರ್ವಿಕರ ಬದುಕನ್ನು ಹಿಮ್ಮುಖವಾಗಿ ಬದುಕುತ್ತಾನೆ: ಮೊದಲು ಹತ್ತಿರದವರು, ಆಮೇಲೆ ಅವರ ಹಿಂದಿನವರು, ಇನ್ನೂ ಹಿಂದಿನವರು. ಭರ್ಜಿ ಹಿಡಿದು ಹೋರಾಡುವುದನ್ನೇ ಬದುಕಾಗಿಸಿಕೊಂಡ, ಅವನ ಪೂರ್ವಿಕರ ಕುಲವಾದ ಐಯೆಲ್ ಜನ ಒಂದು ಕಾಲದಲ್ಲಿ ಹಿಂಸೆಯನ್ನೇ ತೊರೆದ ವ್ರತಸ್ಥರಾಗಿದ್ದರು, ಆ ವ್ರತವನ್ನು ಮುರಿದವರ ಸಂತತಿ ತಾವು ಎಂಬುದು ಅಲ್ಲಿ ತಿಳಿಯುತ್ತದೆ. ಈ ಸತ್ಯವನ್ನು ತಾಳಲಾರದವರು ಅಲ್ಲಿಂದ ಹಿಂತಿರುಗಿ ಬರುವುದಿಲ್ಲ. ಪುಸ್ತಕದಲ್ಲಿ ಇದು ಪೂರ್ತಿ ಮನಸ್ಸಿನೊಳಗೆ ನಡೆಯುವ ಸಂಗತಿ, ಟಿವಿಗೆ ಒಗ್ಗದ್ದು. ಅವರು ಕಂಡುಕೊಂಡ ದಾರಿ ಸರಳವಾಗಿತ್ತು: ರ್ಯಾಂಡ್ ಪಾತ್ರದ ಜೋಶಾ ಸ್ಟ್ರಾಡೋವ್‌ಸ್ಕಿ ಅವರೇ, ಬೇರೆ ಬೇರೆ ವೇಷದಲ್ಲಿ, ಆ ಪೂರ್ವಿಕರೂ ಆದರು. ಒಂದೇ ಕಣ್ಣು, ಬೇರೆ ಬೇರೆ ತಲೆಮಾರು. ವಿವರಣೆಯ ಒಂದು ಮಾತೂ ಬೇಡವಾಯಿತು. ಅಲ್ಲಿಯೂ ಪುಸ್ತಕದ ಎಷ್ಟೋ ವಿವರ ಬಿಟ್ಟಿದ್ದರು, ಆದರೆ ವ್ರತ ಮುರಿದದ್ದಕ್ಕೆ ತೆತ್ತ ಬೆಲೆಯನ್ನು ಮುಟ್ಟಲಿಲ್ಲ. ಮೊದಲ ಸೀಸನ್ನಿಗೆ ಬೈದಿದ್ದ ಓದುಗರೇ ಆ ಎಪಿಸೋಡನ್ನು ಮತ್ತೆ ಮತ್ತೆ ನೋಡಿದರು. ಸೀಸನ್ ಮುಗಿದ ಮರುತಿಂಗಳು, ಮೇ ತಿಂಗಳಲ್ಲಿ, ಸೀರೀಸ್ ರದ್ದಾಯಿತು. ಹದಿನಾಲ್ಕು ಸಂಪುಟಗಳಲ್ಲಿ ಕಥೆ ನಾಲ್ಕನೆಯದರ ಆಸುಪಾಸಿಗೆ ಬಂದು ನಿಂತಿದೆ. ನಿಮ್ಮ ಸಂಕಟ ನನಗೂ ಇದೆ. ಕೈ ಪಳಗಿದ ಹೊತ್ತಿಗೆ ಕೆಲಸ ಕಿತ್ತುಕೊಂಡ ಹಾಗೆ.

ಕಥೆ ಬದಲಾಗುವುದೇ ದ್ರೋಹ ಎನ್ನಲು ಕನ್ನಡದವರಾದ ನಮಗಂತೂ ಬಾಯಿಲ್ಲ. 941ರ ಹೊತ್ತಿಗೆ ಪಂಪ ಮಹಾಭಾರತವನ್ನು ತೆಗೆದುಕೊಂಡು ಏನೆಲ್ಲ ಮಾಡಿದ! ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನ ಜೊತೆ ಹೊಂದಿಸಬೇಕಾಗಿ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ಆಮೇಲೆ ಭೀಮ ದುಶ್ಶಾಸನನನ್ನು ಕೊಂದು ಅವಳ ಮುಡಿ ಕಟ್ಟುವ ಸನ್ನಿವೇಶ ಬಂದಾಗ ಬೆಸುಗೆ ಕಣ್ಣಿಗೆ ಬೀಳುತ್ತದೆ. ಹಾಗಾದರೆ ಭೀಮನಿಗೇಕೆ ಈ ಪಾಡು ಎಂದು ಓದುಗ ಕೇಳಬಹುದು. ಆದರೂ ಆ ಸನ್ನಿವೇಶ ಕಾವ್ಯದಲ್ಲಿ ಉರಿಯುತ್ತಲೇ ಇದೆ. ಯಾಕೆಂದರೆ ಪಂಪ ಸಂಬಂಧವನ್ನು ತಿದ್ದಿದ, ಸಾಲವನ್ನು ತಿದ್ದಲಿಲ್ಲ. ಸಭೆಯಲ್ಲಿ ಬಿಚ್ಚಿದ ಮುಡಿಗೆ ರಕ್ತದಲ್ಲೇ ಉತ್ತರ ಸಿಗಬೇಕಿತ್ತು, ಸಿಕ್ಕಿತು. ಕರ್ಣನ ವಿಷಯದಲ್ಲಿಯೂ ಹೀಗೆಯೇ. ಅರ್ಜುನನೇ ನಾಯಕನಾದ ಕಾವ್ಯದಲ್ಲಿ ಕರ್ಣನ ಎತ್ತರವನ್ನು ಒಂದಂಗುಲವೂ ತಗ್ಗಿಸಲಿಲ್ಲ.

ಉರ್ಸುಲಾ ಲೆ ಗ್ವಿನ್ ಅವರ ‘ಅರ್ತ್‌ಸೀ’ಗೆ ಆದದ್ದು ಇದರ ಇನ್ನೊಂದು ತುದಿ. ಅದು ದ್ವೀಪಗಳ ಲೋಕವೊಂದರಲ್ಲಿ ನಡೆಯುವ ಫ್ಯಾಂಟಸಿ ಕಾದಂಬರಿಗಳ ಮಾಲೆ. 1968ರ ಆ ಮೊದಲ ಕಾದಂಬರಿಯಲ್ಲಿ ನಾಯಕ ಗೆಡ್ ಕೆಂಗಂದು ಬಣ್ಣದವನು. ಆ ದ್ವೀಪಗಳ ಬಹುಪಾಲು ಜನ ಕಂದು ಇಲ್ಲವೇ ಕಪ್ಪು. ಆ ಕಾಲದ ಫ್ಯಾಂಟಸಿಯಲ್ಲಿ ಅದು ಲೇಖಕಿ ಯೋಚಿಸಿ ಇಟ್ಟ ಹೆಜ್ಜೆ. 2004ರ ಟಿವಿ ರೂಪದಲ್ಲಿ ಗೆಡ್ ಬಿಳಿಯನಾದ. ಅಷ್ಟೇ ಅಲ್ಲ, ಆ ಲೋಕದಲ್ಲಿ ಒಬ್ಬನ ನಿಜನಾಮ ತಿಳಿದವರಿಗೆ ಅವನ ಮೇಲೆ ಹಿಡಿತ ಸಿಗುತ್ತದೆ, ಅದಕ್ಕೇ ಅದು ಗುಟ್ಟು. ಗೆಡ್ ಅವನ ಗುಟ್ಟಿನ ಹೆಸರು, ಸ್ಪ್ಯಾರೋಹಾಕ್ ಊರವರು ಕರೆಯುವ ಹೆಸರು. ಟಿವಿಯವರು ಇದನ್ನು ಅದಲುಬದಲು ಮಾಡಿ ಗುಟ್ಟನ್ನು ಬೀದಿಗೆ ತಂದರು. ಲೆ ಗ್ವಿನ್ ಸಲಹೆಗಾರ್ತಿ ಎಂದು ಒಪ್ಪಂದದಲ್ಲಿತ್ತು, ಸಲಹೆಗೆ ಬೆಲೆ ಸಿಗಲಿಲ್ಲ. ತಮ್ಮ ದ್ವೀಪಗಳನ್ನು ಹೇಗೆ ಬಿಳಿಯಾಗಿಸಿದರು ಎಂದು ಅವರು ಪತ್ರಿಕೆಯಲ್ಲಿ ಸ್ಪಷ್ಟವಾಗಿ ಬರೆದರು. ನಿಮಗೂ ಮುಂದೊಂದು ದಿನ ಒಪ್ಪಂದ ಬಂದರೆ, ಸಲಹೆಗಾರ್ತಿ ಎಂಬ ಪದವಿ ನೋಡಿ ಮರುಳಾಗಬೇಡಿ. ಚಿತ್ರಕಥೆ ನಿಮಗೆ ಯಾವಾಗ ತೋರಿಸುತ್ತಾರೆ, ಬೇಡ ಎನ್ನುವ ಹಕ್ಕು ಯಾವುದಕ್ಕಿದೆ, ಎಷ್ಟು ವರ್ಷದೊಳಗೆ ತೆಗೆಯದಿದ್ದರೆ ಹಕ್ಕು ನಿಮಗೆ ವಾಪಸ್ಸು ಎಂಬುದನ್ನು ವಕೀಲರ ಮುಂದೆ ಕೂತು ಓದಿ ಸಹಿ ಹಾಕಿ. ಇದರ ಬಗ್ಗೆ ಇವತ್ತಿಗೆ ಇಷ್ಟು ಸಾಕು.

ಈಗ ನಿಮ್ಮ ಕಾದಂಬರಿ. ಮಳೆ ಕರೆಯಬಲ್ಲ ಹುಡುಗಿ. ಕರೆದಾಗಲೆಲ್ಲ ತನ್ನವರೊಬ್ಬರ ನೆನಪು ಅವಳಿಂದ ಅಳಿಸಿಹೋಗುತ್ತದೆ. ಏಳನೆಯ ಅಧ್ಯಾಯದಲ್ಲಿ ಅಜ್ಜಿ ಬಾಗಿಲಲ್ಲಿ ನಿಂತು ಕೂಗುತ್ತಾಳೆ, ಯಾರೋ ಪರಸ್ಥಳದ ಮುದುಕಿ ಎಂದುಕೊಂಡು ಹುಡುಗಿ ನೀರು ತಂದು ಕೊಡುತ್ತಾಳೆ. ಅಜ್ಜಿ ಏನೂ ಹೇಳದೆ ಕುಡಿದು ಚೊಂಬು ಹಿಂದಿರುಗಿಸುತ್ತಾಳೆ. ಅದನ್ನು ಓದಿ ನಾನು ಹಸ್ತಪ್ರತಿ ಬದಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇದನ್ನು ಬರೆದ ಕೈ ಬರೆಯುತ್ತಲೇ ಇರಬೇಕು.

ಆದರೆ ಹದಿಮೂರನೆಯ ಅಧ್ಯಾಯದ ಯುದ್ಧದಲ್ಲಿ ಅವಳು ಮೂರು ಬಾರಿ ಮಳೆ ಕರೆಯುತ್ತಾಳೆ. ಯಾರನ್ನೂ ಮರೆಯುವುದಿಲ್ಲ. ಬೆಟ್ಟದ ಮೇಲಿನಿಂದ ಡ್ರೋನ್ ಕಂಡಂತೆ ಸೈನ್ಯ ಕಾಣುತ್ತದೆ, ಮಿಂಚು ಹೊಡೆದು ಮುಖ ಹತ್ತಿರವಾಗುತ್ತದೆ, ಕುದುರೆಗಳು ನಿಧಾನಗತಿಯಲ್ಲಿ ಬೀಳುತ್ತವೆ. ಈ ಅಧ್ಯಾಯವನ್ನು ನೀವು ಯಾರಿಗೋ ತೋರಿಸಲು ಬರೆದಿದ್ದೀರಿ, ಆ ಯಾರೋ ಓದುಗರಲ್ಲ. ಇನ್ನೂ ಹುಟ್ಟದ ಆ ಸೀರೀಸ್ ನಿಮ್ಮ ಕಥೆಗೆ ಏನು ಮಾಡೀತೆಂದು ಹೆದರಿದ್ದೀರೋ ಅದು ಇಲ್ಲಿ ಆಗಲೇ ಆಗಿದೆ.

ಜಾರ್ಜ್ ಆರ್. ಆರ್. ಮಾರ್ಟಿನ್ 80ರ ದಶಕದಲ್ಲಿ ಟಿವಿಗೇ ಬರೆಯುತ್ತಿದ್ದವರು. ಇದು ದುಬಾರಿ, ಇದನ್ನು ಕತ್ತರಿಸಿ ಎಂಬ ಮಾತು ಕೇಳಿ ಕೇಳಿ ಸಾಕಾಗಿ, ಯಾವ ಖರ್ಚಿನ ಲೆಕ್ಕವೂ ಇಲ್ಲದೆ ದೊಡ್ಡದಾಗಿ ಬರೆಯುತ್ತೇನೆಂದು ಕಾದಂಬರಿಗೆ ಕೂತರು. 1996ರಲ್ಲಿ ಅದರ ಮೊದಲ ಸಂಪುಟ ‘ಎ ಗೇಮ್ ಆಫ್ ಥ್ರೋನ್ಸ್’ ಬಂತು, 2011ರಲ್ಲಿ ಅದನ್ನೇ ಟಿವಿ ಹುಡುಕಿಕೊಂಡು ಬಂತು. ಮುಂದೆ ಟಿವಿ ಪುಸ್ತಕಗಳನ್ನು ದಾಟಿ ಓಡಿತು. 2019ರ ಕೊನೆಯ ಸೀಸನ್ನನ್ನು ಮತ್ತೆ ತೆಗೆಯಿರಿ ಎಂದು ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಆ ಸಿಟ್ಟೂ ಲೆಕ್ಕದ ಸಿಟ್ಟೇ. ವರ್ಷಗಟ್ಟಲೆ ಕಟ್ಟಿದ ಪಾತ್ರಗಳು ಕೆಲವೇ ಎಪಿಸೋಡುಗಳಲ್ಲಿ ಎಲ್ಲಿಂದೆಲ್ಲಿಗೋ ಹಾರಿದವು, ನಡುವಿನ ದಾರಿಯನ್ನು ಯಾರೂ ನಡೆದು ತೋರಿಸಲಿಲ್ಲ.

ಯುದ್ಧವನ್ನು ತೆಗೆಯಿರಿ ಎನ್ನುತ್ತಿಲ್ಲ. ಕುದುರೆಗಳೂ ಮಿಂಚೂ ಇರಲಿ. ಮೂರು ಮಳೆಗೆ ಮೂವರು ಹೋಗಬೇಕು, ಅಷ್ಟೇ. ಅವಳ ಪಕ್ಕದಲ್ಲೇ ನಿಂತು ಹೋರಾಡುತ್ತಿರುವ ತಮ್ಮನೂ ಅವರಲ್ಲೊಬ್ಬನಾಗಬಹುದೇ ಯೋಚಿಸಿ. ಹಾಗಾದರೆ ಹದಿನಾಲ್ಕು, ಹದಿನೈದನೆಯ ಅಧ್ಯಾಯಗಳು ಈಗಿರುವಂತೆ ನಿಲ್ಲುವುದಿಲ್ಲ, ಅವನ್ನು ಹೊಸದಾಗಿ ಬರೆಯಬೇಕಾಗುತ್ತದೆ. ಅವಸರ ಬೇಡ, ಪ್ರಕಾಶಕರಿಗೆ ಕೊಟ್ಟ ಗಡುವನ್ನು ಮುಂದಕ್ಕೆ ಹಾಕಿಸಿಕೊಳ್ಳಿ. ಮುಂದಿನ ಸಲ ಇಡೀ ಹಸ್ತಪ್ರತಿ ಕಳಿಸಬೇಡಿ. ಯುದ್ಧದ ಅಧ್ಯಾಯ, ಅದರ ನಂತರದ ಎರಡು, ಇಷ್ಟೇ ಕಳಿಸಿ. ಬಂದ ದಿನವೇ ಓದುತ್ತೇನೆ.

ನಿಮ್ಮ ವಿಶ್ವಾಸಿ